ಮೂರು ಯಂತ್ರಗಳ ದಾಕ್ಷಿಣ್ಯ

ದಾಕ್ಷಿಣ್ಯವೆಂಬುದು ಗುಣವೋ ದೋಷವೋ ಎಂಬ ಪ್ರಶ್ನೆಯನ್ನು ಲೋಕವು ಇನ್ನೂ ಇತ್ಯರ್ಥಮಾಡಿಲ್ಲ. ಎದುರಿಗಿರುವವರ ಮನಸ್ಸನ್ನು ನೋಯಿಸಬಾರದೆಂದು ಮನುಷ್ಯನು ತನಗೆ ಸರಿಯೆಂದು ತೋರಿದ ಮಾತನ್ನು ನುಂಗಿಕೊಂಡಾಗ ಅವನನ್ನು ಸಜ್ಜನನೆಂದು ಹೊಗಳುವವರೂ ಉಂಟು, ಅಂಜುಬುರುಕನೆಂದು ಹಳಿಯುವವರೂ ಉಂಟು. ಈ ವಿಷಯದಲ್ಲಿ ಕನ್ನಡದ ಗಾದೆಯೊಂದು ಬಹು ನಿಷ್ಠುರವಾಗಿ ತೀರ್ಪುಕೊಟ್ಟಿರುವುದು. ಆದರೆ ಅದು ಕೊಂಚ ಒರಟು ಮಾತಾದುದರಿಂದಲೂ, ವಾಚಕರು ಅದನ್ನು ಮನೆಯ ಹಿರಿಯರ ಬಾಯಿಂದ ಕೇಳಿಯೇ ಇರುವರಾದುದರಿಂದಲೂ ಇಲ್ಲಿ ಬರೆಯುವ ಅಗತ್ಯವಿಲ್ಲ. ದಾಕ್ಷಿಣ್ಯದ ಕಥೆಗಳು ಸಾಮಾನ್ಯವಾಗಿ ಮದುವೆಯ ಮನೆಗಳಲ್ಲಿಯೂ, ಸಾಲದ ಪತ್ರಗಳಲ್ಲಿಯೂ, ಪಂಚಾಯತಿಯ ಕಟ್ಟೆಗಳ ಮೇಲೆಯೂ ಹುಟ್ಟುವುವು. ಗಣಕಯಂತ್ರದ ಭಾಷೆಯೊಂದರ ವ್ಯಾಕರಣದಲ್ಲಿಯೂ ಅಂತಹ ಕಥೆಯೊಂದು ಅಡಗಿರುವುದೆಂದರೆ ಕೆಲವರಿಗೆ ಸೋಜಿಗವಾದೀತು. ಆದರೂ ಅದು ದಿಟ.

ಗಣಕಯಂತ್ರಕ್ಕೆ ಸ್ವಭಾವತಃ ತಿಳಿಯುವುದು ಸೊನ್ನೆ ಮತ್ತು ಒಂದು ಎಂಬ ಎರಡೇ ಗುರುತುಗಳು. ಮನುಷ್ಯನಾದರೋ ಅಂತಹ ಗುರುತುಗಳ ಸಾಲನ್ನು ಬರೆಯುತ್ತ ಕುಳಿತರೆ ಒಂದೇ ದಿನದಲ್ಲಿ ಬೇಸತ್ತುಹೋಗುವನು. ಆದಕಾರಣ ಇಬ್ಬರಿಗೂ ನಡುವೆ ಒಂದು ಏರ್ಪಾಡನ್ನು ಮಾಡಿಕೊಂಡಿರುವರು. ಕೆಲವು ಇಂಗ್ಲಿಷ್ ಶಬ್ದಗಳೂ ಗಣಿತದ ಚಿಹ್ನೆಗಳೂ ಕೂಡಿದ, ಕಟ್ಟುನಿಟ್ಟಾದ ವ್ಯಾಕರಣವುಳ್ಳ ಒಂದು ಕೃತಕ ಭಾಷೆಯಲ್ಲಿ ಮನುಷ್ಯನು ತನ್ನ ಅಪ್ಪಣೆಗಳನ್ನು ಬರೆಯುವನು. ಕಂಪೈಲರ್ ಎಂಬ ದುಭಾಷಿಯು ಅವನ್ನು ಯಂತ್ರದ ಮಾತಿಗೆ ತಿರುಗಿಸುವುದು. ಅಪ್ಪಣೆಗಳ ಈ ಬರಹಕ್ಕೆ ಪ್ರೋಗ್ರಾಮು ಎಂದು ಹೆಸರು. ಇಂತಹ ಭಾಷೆಗಳು ನೂರಾರು ಹುಟ್ಟಿ, ಅನೇಕವು ಹುಟ್ಟಿದ ಮನೆಯಲ್ಲಿಯೇ ಅಳಿದುಹೋದುವು. ಅಳಿಯದೆ ಉಳಿದು ಲೋಕವನ್ನೆಲ್ಲ ವ್ಯಾಪಿಸಿದ ಒಂದು ಭಾಷೆಯ ಹೆಸರು ‘ಸಿ’ ಎಂಬ ಒಂದೇ ಅಕ್ಷರ. ಅಮೆರಿಕದ ನ್ಯೂಜೆರ್ಸಿಯ ಮರ್ರೆ ಹಿಲ್‌ನಲ್ಲಿದ್ದ ಬೆಲ್ ಟೆಲಿಫೋನ್ ಪ್ರಯೋಗಶಾಲೆಯಲ್ಲಿ ಡೆನ್ನಿಸ್ ರಿಚಿ ಎಂಬವರು 1971ರಿಂದ 1973ರವರೆಗಿನ ಅವಧಿಯಲ್ಲಿ ಅದನ್ನು ರೂಪಿಸಿದರು. ಇಂದು ಆಂಡ್ರಾಯ್ಡ್ ಫೋನುಗಳ ತಿರುಳಾಗಿರುವ ಲಿನಕ್ಸ್ ಎಂಬ ವ್ಯವಸ್ಥೆಯು ಬಹುಮಟ್ಟಿಗೆ ಈ ಭಾಷೆಯಲ್ಲಿಯೇ ಬರೆಯಲ್ಪಟ್ಟಿರುವುದರಿಂದ, ಅಂತಹ ಫೋನನ್ನು ಹಿಡಿದ ಪ್ರತಿಯೊಬ್ಬರೂ ಅರಿತೋ ಅರಿಯದೆಯೋ ರಿಚಿಯವರ ಋಣದಲ್ಲಿರುವರು.

ಇಷ್ಟು ಕೀರ್ತಿ ಪಡೆದ ಭಾಷೆಯು ಸರ್ವಾಂಗಸುಂದರವಾಗಿರಬೇಕೆಂದು ಯಾರಾದರೂ ಎಣಿಸಿದರೆ ಅದು ಸಹಜವೇ. ಆದರೆ ಸಿ ಭಾಷೆಯನ್ನು ಕಲಿಯತೊಡಗಿದವರು ಮೊದಲ ವಾರದಲ್ಲಿಯೇ ಅದರ ಕೊಂಕುಗಳನ್ನು ಎಡವುವರು. ಹಳೆಯ ಮನೆಯೊಂದನ್ನು ಹೊಕ್ಕವನು ಒಂದು ಬಾಗಿಲು ಏಕೆ ಇಷ್ಟು ತಗ್ಗು, ಒಂದು ಮೆಟ್ಟಿಲು ಏಕೆ ಇಷ್ಟು ಎತ್ತರ ಎಂದು ಕೇಳುವಂತೆ ಅವರೂ ಕೇಳುವರು. ಮನೆಯ ಯಜಮಾನನನ್ನು ವಿಚಾರಿಸಿದರೆ ಒಂದೊಂದಕ್ಕೂ ಒಂದೊಂದು ಕಾರಣವು ಹೊರಬೀಳುವುದು. ಈ ಭಾಷೆಯ ಕಾರಣಗಳಲ್ಲಿ ಮೊದಲನೆಯದು ಬಡತನ.

1969ರಲ್ಲಿ ಬೆಲ್ ಪ್ರಯೋಗಶಾಲೆಯು ‘ಮಲ್ಟಿಕ್ಸ್’ ಎಂಬ ಒಂದು ಮಹತ್ತರವಾದ ಯೋಜನೆಯಿಂದ ಹಿಂದೆಗೆಯಿತು. ಆ ಕೆಲಸದಲ್ಲಿದ್ದ ಕೆನ್ ಥಾಂಪ್ಸನ್ ಎಂಬವರು ಸುಮ್ಮನೆ ಕೂಡಲಾರದೆ, ಹೆಚ್ಚಾಗಿ ಯಾರೂ ಬಳಸದೆ ಬಿದ್ದಿದ್ದ ಪಿ.ಡಿ.ಪಿ. 7 ಎಂಬ ಯಂತ್ರವನ್ನು ಹಿಡಿದು ‘ಯುನಿಕ್ಸ್’ ಎಂಬ ಚಿಕ್ಕ ವ್ಯವಸ್ಥೆಯನ್ನು ಕಟ್ಟತೊಡಗಿದರು. ಆ ಯಂತ್ರದ ನೆನಪಿನಲ್ಲಿ ಇದ್ದುದು ಎಂಟು ಸಾವಿರಕ್ಕೆ ತುಸು ಹೆಚ್ಚು ಮನೆಗಳು ಮಾತ್ರ. ಕೇಂಬ್ರಿಜ್ಜಿನ ಮಾರ್ಟಿನ್ ರಿಚರ್ಡ್ಸ್ ಎಂಬವರು ರಚಿಸಿದ್ದ ಬಿ.ಸಿ.ಪಿ.ಎಲ್. ಎಂಬ ಭಾಷೆಯನ್ನು ಆ ಇಕ್ಕಟ್ಟಿನಲ್ಲಿ ಹಿಡಿಸುವಂತೆ ಹಿಂಡಿ ಥಾಂಪ್ಸನ್ ‘ಬಿ’ ಎಂಬ ಭಾಷೆಯನ್ನು ಮಾಡಿದರು. 1970ರಲ್ಲಿ ಪಿ.ಡಿ.ಪಿ. 11 ಎಂಬ ಹೊಸ ಯಂತ್ರವು ಬಂದಿತು. ಅದರ ನೆನಪಿನ ಅಳತೆ 24 ಕಿಲೋಬೈಟುಗಳು. ಎಂದರೆ ಒಂದು ಮಾಸಪತ್ರಿಕೆಯ ಹತ್ತು ಹನ್ನೆರಡು ಪುಟಗಳಲ್ಲಿ ಅಚ್ಚಾಗುವ ಇಂಗ್ಲಿಷ್ ಅಕ್ಷರಗಳಷ್ಟು. ಅದರಲ್ಲಿ ಅರ್ಧ ಭಾಗವನ್ನು ಯುನಿಕ್ಸ್ ವ್ಯವಸ್ಥೆಯೇ ನುಂಗುತ್ತಿದ್ದಿತು. ಈ ಯಂತ್ರದ ರೀತಿಗೆ ಬಿ ಭಾಷೆಯು ಹೊಂದದಿರಲು, ರಿಚಿಯವರು ಅದನ್ನು ತಿದ್ದುತ್ತ ತಿದ್ದುತ್ತ ಬೇರೊಂದು ಭಾಷೆಯನ್ನಾಗಿ ಮಾಡಿದರು. ಅದೇ ಸಿ. ಆ ಹೆಸರು ವರ್ಣಮಾಲೆಯಲ್ಲಿ ಬಿ ಆದಮೇಲೆ ಬರುವ ಅಕ್ಷರವೋ, ಬಿ.ಸಿ.ಪಿ.ಎಲ್. ಎಂಬುದರ ಎರಡನೆಯ ಅಕ್ಷರವೋ ಎಂಬುದನ್ನು ಅವರು ಬೇಕೆಂದೇ ಬಿಡಿಸದೆ ಬಿಟ್ಟರು.

ಇಕ್ಕಟ್ಟಾದ ಮನೆಯಲ್ಲಿ ಬಾಳಿದವರ ಅಭ್ಯಾಸಗಳು ಆ ಮನೆಯನ್ನು ಬಿಟ್ಟರೂ ಹೋಗುವುದಿಲ್ಲ. ಸಮಚಿಹ್ನೆಯ ಕಥೆಯನ್ನೇ ನೋಡಬಹುದು. ಶಾಲೆಯ ಗಣಿತದಲ್ಲಿ ‘ಕ = 5’ ಎಂದರೆ ಕ ಎಂಬುದೂ ಐದೂ ಸಮ ಎಂದು ಅರ್ಥ. ಸಿ ಭಾಷೆಯಲ್ಲಿ ಅದು ಅಪ್ಪಣೆ: ಕ ಎಂಬ ಮನೆಯಲ್ಲಿ ಐದನ್ನು ಇಡು. ಸಮವೇ ಎಂದು ಕೇಳಬೇಕಾದರೆ ‘ಕ == 5’ ಎಂದು ಎರಡು ಗೆರೆಜೋಡಿಗಳನ್ನು ಹಾಕಬೇಕು. ಬಿ.ಸಿ.ಪಿ.ಎಲ್. ಭಾಷೆಯಲ್ಲಿ ಇಡುವ ಅಪ್ಪಣೆಗೆ ‘:=’ ಎಂಬ ಬೇರೆ ಗುರುತಿದ್ದು ಗೊಂದಲಕ್ಕೆ ಎಡೆಯಿರಲಿಲ್ಲ. ಬದಲಾಯಿಸಿದ್ದೇಕೆಂದರೆ, ಪ್ರೋಗ್ರಾಮುಗಳಲ್ಲಿ ಇಡುವ ಅಪ್ಪಣೆಯು ಸಮತೆಯ ಪ್ರಶ್ನೆಗಿಂತ ಸುಮಾರು ಇಮ್ಮಡಿ ಸಲ ಬರುವುದರಿಂದ ಅದರ ಗುರುತು ಅರ್ಧದಷ್ಟಿರುವುದೇ ನ್ಯಾಯವೆಂಬುದು ನಿರ್ಮಾಪಕರ ವಾದ. ಬೆರಳಿಗೆ ಒಂದು ಒತ್ತು ಉಳಿಯಿತು. ಆದರೆ ‘ಸಮವೇ?’ ಎಂದು ಕೇಳಹೊರಟವನು ಮರೆತು ಒಂದೇ ಗುರುತನ್ನು ಹಾಕಿದರೆ, ಯಂತ್ರವು ಪ್ರಶ್ನೆಯನ್ನು ಅಪ್ಪಣೆಯೆಂದು ತಿಳಿದು ಕ ಎಂಬಲ್ಲಿ ಐದನ್ನು ತುಂಬಿ, ‘ಹೌದು’ ಎಂಬ ಉತ್ತರವನ್ನೇ ಹಿಡಿದು ಮುಂದುವರಿಯುವುದು. ಒಂದು ಒತ್ತಿನ ಉಳಿತಾಯಕ್ಕಾಗಿ ಎಷ್ಟು ರಾತ್ರಿಗಳ ನಿದ್ದೆ ವೆಚ್ಚವಾಯಿತೆಂಬುದನ್ನು ಲೆಕ್ಕವಿಟ್ಟವರಿಲ್ಲ.

ಎಣಿಕೆಯನ್ನು ಸೊನ್ನೆಯಿಂದ ಆರಂಭಿಸುವ ಪದ್ಧತಿಯು ಹೊಸಬರಿಗೆ ಇನ್ನೊಂದು ವಿಚಿತ್ರ. ಹತ್ತು ಸಂಖ್ಯೆಗಳನ್ನು ಸಾಲಾಗಿ ಜೋಡಿಸಿದರೆ ಮೊದಲನೆಯದಕ್ಕೆ ಸೊನ್ನೆಯೆಂದೂ ಕೊನೆಯದಕ್ಕೆ ಒಂಬತ್ತೆಂದೂ ಅಂಕಿತ. ಇದು ಹುಚ್ಚಾಟವೆಂದು ತೋರಬಹುದು. ಆದರೆ ರಸ್ತೆಯ ಬದಿಯ ಮೈಲಿಗಲ್ಲುಗಳನ್ನು ನೆನೆದರೆ ಯುಕ್ತಿಯು ಹೊಳೆಯುವುದು. ಹೊರಟ ಊರಿನ ಕಲ್ಲಿನ ಮೇಲೆ ಬರೆಯತಕ್ಕದ್ದು ಸೊನ್ನೆ. ಏಕೆಂದರೆ ಅಲ್ಲಿಗೆ ನಡೆದ ದೂರ ಸೊನ್ನೆ. ಸಿ ಭಾಷೆಯಲ್ಲಿ ಸಾಲಿನ ಹೆಸರೆಂದರೆ ಅದು ಆರಂಭವಾಗುವ ಸ್ಥಳದ ವಿಳಾಸ. ಅಂಕಿಯೆಂದರೆ ಅಲ್ಲಿಂದ ಇಡಬೇಕಾದ ಹೆಜ್ಜೆಗಳು. ಮೊದಲ ವಸ್ತುವನ್ನು ಮುಟ್ಟಲು ಒಂದು ಹೆಜ್ಜೆಯನ್ನೂ ಇಡಬೇಕಾಗಿಲ್ಲ. ಹೀಗೆ ನೋಡಿದರೆ ಇದು ಕೊಂಕಲ್ಲ, ನೇರವಾದ ದಾರಿಯೇ.

ಮೂರನೆಯದು ಮಾತ್ರ ಅಷ್ಟು ನಿರಪಾಯವಲ್ಲ. ಅಕ್ಷರಗಳ ಸಾಲೊಂದನ್ನು ಯಂತ್ರದಲ್ಲಿಟ್ಟರೆ ಅದು ಎಲ್ಲಿಗೆ ಮುಗಿಯಿತೆಂದು ತಿಳಿಯುವ ಬಗೆ ಹೇಗೆ? ತಂತಿ ಕಚೇರಿಗಳಿದ್ದ ಕಾಲದಲ್ಲಿ ಗುಮಾಸ್ತನು ಸಮಾಚಾರದ ಪದಗಳನ್ನು ಮೊದಲೇ ಎಣಿಸಿ ಬರೆದುಕೊಳ್ಳುತ್ತಿದ್ದನು. ಕಾಗದ ಬರೆಯುವವರಾದರೋ ಎಣಿಸದೆ, ಕೊನೆಯಲ್ಲಿ ‘ಇತಿ’ ಎಂದು ಬರೆದು ಮುಗಿಸುತ್ತಿದ್ದರು. ಬಿ.ಸಿ.ಪಿ.ಎಲ್. ಭಾಷೆಯದು ತಂತಿಯ ಕ್ರಮ. ಬಿ ಮತ್ತು ಸಿ ಭಾಷೆಗಳದು ಕಾಗದದ ಕ್ರಮ. ಎಣಿಕೆಯನ್ನು ಒಂದು ಚಿಕ್ಕ ಮನೆಯಲ್ಲಿ ಇಡಬೇಕಾದುದರಿಂದ ಸಾಲಿನ ಉದ್ದಕ್ಕೆ ಒಂದು ಮಿತಿಯು ಬೀಳುತ್ತಿದ್ದಿತು. ಅಲ್ಲದೆ ಎಣಿಕೆಯನ್ನು ಸದಾ ಸರಿಯಾಗಿಟ್ಟುಕೊಳ್ಳುವುದಕ್ಕಿಂತ ಕೊನೆಯಲ್ಲೊಂದು ಗುರುತು ಹಾಕುವುದೇ ಅನುಕೂಲವೆಂದು ಥಾಂಪ್ಸನ್ನರಿಗೆ ಅನುಭವದಿಂದ ತೋರಿತು. ಕಾರಣವು ಯುಕ್ತವಾದುದೇ. ಆದರೆ ಸಾಲುಗಳು ತಮ್ಮ ಅಳತೆಯನ್ನು ತಾವೇ ಹೊತ್ತುಕೊಂಡು ತಿರುಗದ ಈ ಭಾಷೆಯಲ್ಲಿ, ಬರುವ ಅಕ್ಷರಗಳು ಹೆಚ್ಚಾಗಿ ಇಟ್ಟ ಪಾತ್ರೆ ಚಿಕ್ಕದಾದರೆ, ತುಳುಕಿದುದು ಪಕ್ಕದ ಮನೆಗಳ ಸಾಮಗ್ರಿಯನ್ನು ಕೆಡಿಸುವುದು. 1988ರ ನವೆಂಬರ್ 2ರಂದು ಕಾರ್ನೆಲ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯೊಬ್ಬನು ಬಿಟ್ಟ ಪ್ರೋಗ್ರಾಮೊಂದು ಅಮೆರಿಕದ ಸಾವಿರಾರು ಗಣಕಯಂತ್ರಗಳಿಗೆ ಹಬ್ಬಿ ಅವನ್ನು ಸ್ತಬ್ಧಗೊಳಿಸಿತು; ಅದು ಒಳನುಗ್ಗಿದ ದಾರಿಗಳಲ್ಲಿ ಇದೂ ಒಂದು. ಪಾತ್ರೆಯ ಅಳತೆಯನ್ನು ಕೇಳದೆ ಸುರಿಯುತ್ತಿದ್ದ ‘ಗೆಟ್ಸ್’ ಎಂಬ ಉಪಕರಣವೇ ಅಲ್ಲಿ ದ್ವಾರವಾದುದು. ಅದು ಅಪಾಯಕರವೆಂದು ಎಲ್ಲರೂ ಬಲ್ಲರು. ಆದರೂ ಅದನ್ನು ಬಳಸಿದ ಹಳೆಯ ಪ್ರೋಗ್ರಾಮುಗಳ ದಾಕ್ಷಿಣ್ಯದಿಂದ ಭಾಷೆಯ ಅಧಿಕೃತ ನಿಯಮಾವಳಿಯು ಅದನ್ನು ಕಿತ್ತುಹಾಕಿದುದು 2011ರ ಡಿಸೆಂಬರಿನಲ್ಲಿ. ಆ ಅನಾಹುತವಾದ ಇಪ್ಪತ್ತಮೂರು ವರ್ಷಗಳ ತರುವಾಯ.

ಇಲ್ಲಿಗೆ ದಾಕ್ಷಿಣ್ಯವೆಂಬ ಮಾತು ಬಂದಿತು. ಅದರ ಅತ್ಯಂತ ಶುದ್ಧವಾದ ನಿದರ್ಶನವನ್ನು ಕಾಣಬೇಕಾದರೆ ಈ ಭಾಷೆಯ ಬಾಲ್ಯಕ್ಕೆ ಹಿಂದಿರುಗಬೇಕು.

ಗುಣಾಕಾರವನ್ನು ಮೊದಲು, ಸಂಕಲನವನ್ನು ಅನಂತರ ಮಾಡಬೇಕೆಂಬ ನಿಯಮವನ್ನು ಶಾಲೆಯ ಮಕ್ಕಳೂ ಬಲ್ಲರು. 2 + 3 × 4 ಎಂದರೆ ಹದಿನಾಲ್ಕು, ಇಪ್ಪತ್ತಲ್ಲ. ಗಣಕಭಾಷೆಗಳಲ್ಲಿ ಚಿಹ್ನೆಗಳು ಇನ್ನೂ ಹಲವಿರುವುದರಿಂದ, ಯಾವುದಕ್ಕೆ ಮೊದಲ ಮರ್ಯಾದೆ, ಯಾವುದಕ್ಕೆ ಅನಂತರ ಎಂಬ ಪಂಕ್ತಿಭೇದವೂ ದೊಡ್ಡದು. ಬಿ ಭಾಷೆಯಲ್ಲಿ ‘&’ ಎಂಬ ಚಿಹ್ನೆಯು ಎರಡು ಕೆಲಸಗಳನ್ನು ಮಾಡುತ್ತಿದ್ದಿತು. ಒಂದು, ‘ಇದೂ ನಿಜವಾಗಿ ಅದೂ ನಿಜವಾಗಿದ್ದರೆ’ ಎಂದು ಎರಡು ಪ್ರಶ್ನೆಗಳನ್ನು ಕೂಡಿಸುವುದು. ಎರಡು, ಸಂಖ್ಯೆಯೊಂದರ ಒಡಲಿನ ಸೊನ್ನೆ-ಒಂದುಗಳ ಸಾಲಿನಿಂದ ಬೇಕಾದವನ್ನು ಆರಿಸಿ ತೆಗೆಯುವುದು. ಮೊದಲನೆಯ ಕೆಲಸಕ್ಕೆ ಈ ಚಿಹ್ನೆಯು ‘==’ ಎಂಬುದಕ್ಕಿಂತ ಕೆಳಗಿನ ಪಂಕ್ತಿಯಲ್ಲಿರಬೇಕು; ಏಕೆಂದರೆ ಎರಡು ಪ್ರಶ್ನೆಗಳಿಗೂ ಉತ್ತರ ಬಂದಮೇಲೆ ತಾನೆ ಅವನ್ನು ಕೂಡಿಸುವುದು? ಎರಡನೆಯ ಕೆಲಸಕ್ಕಾದರೋ ಅದು ಮೇಲಿನ ಪಂಕ್ತಿಯಲ್ಲಿರಬೇಕು; ಆರಿಸಿ ತೆಗೆದಮೇಲೆ ತಾನೆ ತೆಗೆದುದು ಎಷ್ಟೆಂದು ಕೇಳುವುದು? ಒಂದೇ ಚಿಹ್ನೆಯು ಎರಡು ಪಂಕ್ತಿಗಳಲ್ಲಿ ಕುಳಿತುಕೊಳ್ಳಲಾರದು. ಬಿ ಭಾಷೆಯಲ್ಲಿ ಅದನ್ನು ಕೆಳಗೆ ಕೂರಿಸಿದ್ದರು.

ಮುಂದೆ ಆಲನ್ ಸ್ನೈಡರ್ ಎಂಬವರ ಪ್ರೇರಣೆಯಿಂದ ರಿಚಿಯವರು ಪ್ರಶ್ನೆಗಳನ್ನು ಕೂಡಿಸುವ ಕೆಲಸಕ್ಕೆಂದೇ ‘&&’ ಎಂಬ ಹೊಸ ಚಿಹ್ನೆಯನ್ನು ತಂದರು. ಹಳೆಯ ‘&’ ಚಿಹ್ನೆಗೆ ಉಳಿದುದು ಎರಡನೆಯ ಕೆಲಸ ಮಾತ್ರ. ಅದನ್ನು ಮೇಲಿನ ಪಂಕ್ತಿಗೆ ಏರಿಸಲು ಅದೇ ಸುಮುಹೂರ್ತವಾಗಿದ್ದಿತು. ಆದರೆ ಏರಿಸಿದರೆ, ಹಳೆಯ ಚಿಹ್ನೆಯಿಂದಲೇ ಪ್ರಶ್ನೆಗಳನ್ನು ಕೂಡಿಸಿದ್ದ ಅದುವರೆಗಿನ ಪ್ರೋಗ್ರಾಮುಗಳು ಅರ್ಥ ಕೆಟ್ಟು ನಿಲ್ಲುವುವು; ಒಂದೊಂದನ್ನೂ ಹುಡುಕಿ ತಿದ್ದಬೇಕಾಗುವುದು. ರಿಚಿಯವರು ಆ ಕಷ್ಟವನ್ನು ಯಾರಿಗೂ ಕೊಡಲೊಲ್ಲದೆ ‘&’ ಚಿಹ್ನೆಯನ್ನು ಇದ್ದಲ್ಲಿಯೇ ಬಿಟ್ಟರು. ಅಂದಿಗೆ ತಿದ್ದಬೇಕಾಗಿದ್ದುದೆಷ್ಟು? 1982ರಲ್ಲಿ ಬರೆದ ಒಂದು ಪತ್ರದಲ್ಲಿ ಅವರೇ ನಗುತ್ತ ಲೆಕ್ಕ ಕೊಟ್ಟಿರುವರು. ಕೆಲವು ನೂರು ಕಿಲೋಬೈಟುಗಳಷ್ಟು ಬರಹ. ಅದು ನಡೆಯುತ್ತಿದ್ದುದು ಬಹುಶಃ ಮೂರು ಕಡೆಗಳಲ್ಲಿ.

ಮೂರು ಯಂತ್ರಗಳ ದಾಕ್ಷಿಣ್ಯ! ಆ ಭಾಷೆಯನ್ನು ಅಂದಿನಿಂದ ಲೋಕದ ಎಲ್ಲೆಡೆಯಲ್ಲಿಯೂ ಲಕ್ಷಾಂತರ ಮಂದಿ ಕಲಿತಿರುವರು. ಚಿಹ್ನೆಯು ತಪ್ಪು ಪಂಕ್ತಿಯಲ್ಲಿಯೇ ಕುಳಿತಿರುವುದು. ಅದರ ಫಲವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಮನೆಯಲ್ಲಿ ಎಂಟು ದೀಪಗಳಿದ್ದು, ಉರಿಯುವುದಕ್ಕೆ ಒಂದು, ಆರಿದುದಕ್ಕೆ ಸೊನ್ನೆ ಎಂದು ಸಾಲಾಗಿ ಬರೆದಿಟ್ಟಿರುವುದೆನ್ನೋಣ. ಮೂರನೆಯ ದೀಪವು ಆರಿದೆಯೇ ಎಂದು ಕೇಳಬಯಸಿದವನು ‘ದೀಪಗಳು & ಮೂರನೆಯದು == 0’ ಎಂದು ಬರೆಯುವನು. ಯಂತ್ರವು ‘==’ ಚಿಹ್ನೆಗೆ ಮೊದಲು ಮಣೆ ಹಾಕಿ, ಮೂರನೆಯದೆಂಬ ಗುರುತೇ ಸೊನ್ನೆಯೇ ಎಂದು ಕೇಳಿಕೊಳ್ಳುವುದು. ಅಲ್ಲವೆಂಬ ಉತ್ತರವು ಸೊನ್ನೆಯ ರೂಪದಲ್ಲಿ ಬರುವುದು. ಎಂಟು ದೀಪಗಳ ಸಾಲನ್ನು ಸೊನ್ನೆಯೊಡನೆ ಕೂಡಿಸಿದರೆ ಉಳಿಯುವುದೂ ಸೊನ್ನೆಯೇ. ದೀಪವು ಉರಿಯುತ್ತಿರಲಿ, ಆರಿರಲಿ, ‘ಇಲ್ಲ, ಆರಿಲ್ಲ’ ಎಂಬುದೊಂದೇ ಉತ್ತರ. ಯಂತ್ರವು ಸುಳ್ಳು ಹೇಳಲಿಲ್ಲ. ವ್ಯಾಕರಣವನ್ನು ಅಕ್ಷರಶಃ ಪಾಲಿಸಿತು.

ಅದೇ ಪ್ರಯೋಗಶಾಲೆಯಲ್ಲಿ 1976ರಲ್ಲಿ ಇಂತಹದೇ ಇನ್ನೊಂದು ಪ್ರಸಂಗವು ನಡೆಯಿತು. ಸ್ಟೂಅರ್ಟ್ ಫೆಲ್ಡ್‌ಮನ್ ಎಂಬವರು ‘ಮೇಕ್’ ಎಂಬ ಉಪಯುಕ್ತವಾದ ಸಾಧನವನ್ನು ರಚಿಸಿದರು. ಅದರ ಬರವಣಿಗೆಯಲ್ಲಿ ಕೆಲವು ಸಾಲುಗಳು ‘ಟ್ಯಾಬ್’ ಎಂಬ ಕೀಲಿಯನ್ನೊತ್ತಿ ಬಿಟ್ಟ ಅಂತರದಿಂದಲೇ ಆರಂಭವಾಗಬೇಕು. ಕಣ್ಣಿಗೆ ಅದೇ ರೀತಿ ಕಾಣುವ ಬರಿಯ ಖಾಲಿ ಜಾಗವನ್ನು ಬಿಟ್ಟರೆ ಸಲ್ಲದು. ಇದು ತೊಡಕೆಂಬುದು ಅವರಿಗೆ ಬೇಗನೆ ತಿಳಿಯಿತು. ಆದರೆ ಅಷ್ಟರಲ್ಲಿ ಹನ್ನೆರಡು ಮಂದಿ ಅದನ್ನು ಬಳಸತೊಡಗಿದ್ದರು, ಬಹುಮಂದಿ ಸ್ನೇಹಿತರೇ. ಸ್ನೇಹಿತರ ಕೆಲಸವನ್ನು ಕೆಡಿಸಲು ಮನಸ್ಸೊಪ್ಪದೆ ಅವರು ಸುಮ್ಮನಾದರು. ಕಾಣದ ಆ ಅಂತರವನ್ನು ಇಂದಿಗೂ ಜನರು ಎಡವುತ್ತಿರುವರು.

ಹಾಗಾದರೆ ತಿದ್ದುವುದೇ ಲೇಸೆಂದು ಸುಲಭವಾಗಿ ಹೇಳಿಬಿಡಬಹುದು. ತಿದ್ದಿದ ನಿದರ್ಶನವೂ ಇಲ್ಲದಿಲ್ಲ. ಬಿ ಭಾಷೆಯಲ್ಲಿ ಕ ಎಂಬುದರಿಂದ ಹತ್ತನ್ನು ಕಳೆಯಬೇಕಾದರೆ ‘ಕ =- 10’ ಎಂದು ಬರೆಯುತ್ತಿದ್ದರು. ನಡುವಣ ಜಾಗವನ್ನು ಬಿಡದೆ ‘ಕ=-10’ ಎಂದು ಬರೆದರೆ, ಅದು ಹತ್ತನ್ನು ಕಳೆಯೆಂಬ ಅಪ್ಪಣೆಯೋ, ಋಣ ಹತ್ತನ್ನು ಇಡೆಂಬ ಅಪ್ಪಣೆಯೋ ತಿಳಿಯದು. 1976ರಲ್ಲಿ ಇದನ್ನು ತಿದ್ದಿ, ಚಿಹ್ನೆಗಳನ್ನು ಹಿಂದುಮುಂದು ಮಾಡಿ ‘-=’ ಎಂದು ಬದಲಾಯಿಸಿದರು. ಸ್ವಲ್ಪ ಕಾಲ ಗೊಣಗಾಟವಿದ್ದಿರಬಹುದು. ಇಂದು ಆ ಹಳೆಯ ರೂಪವಿದ್ದುದನ್ನು ಬಲ್ಲವರೇ ಅಪರೂಪ. ತಿದ್ದುವ ನೋವು ಒಂದು ತಲೆಮಾರಿಗೆ, ತಿದ್ದದ ನೋವು ಮುಂದಿನ ಎಲ್ಲ ತಲೆಮಾರುಗಳಿಗೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಆದರೂ ರಿಚಿಯವರ ಪಕ್ಷವನ್ನು ಕೇಳದೆ ತೀರ್ಪು ಕೊಡುವುದು ಧರ್ಮವಲ್ಲ. ದಿನಕ್ಕೊಂದು ಸಲ ವ್ಯಾಕರಣವನ್ನು ಬದಲಾಯಿಸುವ ಭಾಷೆಯನ್ನು ಯಾರು ನಂಬಿ ಬರೆಯುವರು? ನಿನ್ನೆ ಬರೆದುದು ನಾಳೆಯೂ ಅದೇ ಅರ್ಥವನ್ನು ಕೊಡುವುದೆಂಬ ಭರವಸೆಯಿಂದಲೇ ಜನರು ಆ ಭಾಷೆಗೆ ಒಲಿದರು. 1973ರಲ್ಲಿ ಯುನಿಕ್ಸ್ ವ್ಯವಸ್ಥೆಯ ತಿರುಳನ್ನೇ ಸಿ ಭಾಷೆಯಲ್ಲಿ ತಿರುಗಿ ಬರೆದಮೇಲೆ ಎರಡೂ ಒಂದನ್ನೊಂದು ಹಿಡಿದುಕೊಂಡು ಬೆಳೆದುವು. ಅಂದು ಮರ್ರೆ ಹಿಲ್‌ನಲ್ಲಿದ್ದವರಿಗೆ ಆ ಮೂರು ಯಂತ್ರಗಳೇ ಪ್ರಪಂಚ. ಅವುಗಳನ್ನು ಬಳಸುತ್ತಿದ್ದವರು ಹೆಸರು ಹಿಡಿದು ಕರೆಯಬಹುದಾದ ಸಹೋದ್ಯೋಗಿಗಳು. ಮುಂದೆ ಬರುವ ಲಕ್ಷಾಂತರ ಮಂದಿ ಇನ್ನೂ ಹುಟ್ಟಿರಲಿಲ್ಲ. ಹುಟ್ಟಿದ್ದವರು ಬಂದು ಬಾಗಿಲು ತಟ್ಟಿರಲಿಲ್ಲ. ಇದ್ದವರ ಮುಖವು ಕಾಣುವುದು, ಬರಲಿರುವವರ ಮುಖವು ಕಾಣದು. ದಾಕ್ಷಿಣ್ಯದ ಸ್ವಭಾವವೇ ಇದು: ಅದು ಮುಖವನ್ನು ನೋಡಿ ಹುಟ್ಟುವುದು. ತಿದ್ದಲು ಸುಲಭವಾದ ಕಾಲದಲ್ಲಿ ತಿದ್ದಬೇಕೆಂಬ ಅವಸರವು ತೋರದು. ಅವಸರವು ತೋರುವ ಹೊತ್ತಿಗೆ ತಿದ್ದಲು ಸಾಧ್ಯವಾಗದು.

ರಿಚಿಯವರ ದೊಡ್ಡತನವು ಬೇರೊಂದು ಕಡೆಯಲ್ಲಿರುವುದು. 1983ರಲ್ಲಿ ಅವರಿಗೂ ಥಾಂಪ್ಸನ್ನರಿಗೂ ಗಣಕವಿದ್ಯೆಯ ಪರಮ ಗೌರವವಾದ ಟ್ಯೂರಿಂಗ್ ಪ್ರಶಸ್ತಿಯು ಬಂದಿತು. ಅನಂತರ 1993ರಲ್ಲಿ, ಗಣಕಭಾಷೆಗಳ ಇತಿಹಾಸವನ್ನು ಕುರಿತ ಸಮ್ಮೇಳನವೊಂದಕ್ಕೆ ತಮ್ಮ ಭಾಷೆಯ ಚರಿತ್ರೆಯನ್ನು ಬರೆದುಕೊಟ್ಟಾಗ, ಅದನ್ನು ಸಮರ್ಥಿಸುವ ಅವಕಾಶವು ಪೂರ್ತಿಯಾಗಿ ಅವರ ಕೈಯಲ್ಲಿದ್ದಿತು. ಅವರು ಸಮರ್ಥಿಸಲಿಲ್ಲ. ಇದು ಇಕ್ಕಟ್ಟಿನಿಂದ ಬಂದುದು, ಇದು ರುಚಿಭೇದ, ಇದು ಹಳಬರ ಅನುಕೂಲಕ್ಕಾಗಿ ಬಿಟ್ಟುದು, ಇದನ್ನು ಬದಲಾಯಿಸಿದ್ದರೆ ಚೆನ್ನಾಗಿತ್ತು ಎಂದು ಒಂದೊಂದನ್ನೂ ಬಿಡಿಸಿ ಹೇಳಿದರು. ಅದು ವಿಚಿತ್ರವೂ ದೋಷಯುಕ್ತವೂ ಆದ ಭಾಷೆ, ಆದರೂ ಅದಕ್ಕೆ ಅಪಾರವಾದ ಯಶಸ್ಸು ದೊರೆಯಿತೆಂಬ ಅಭಿಪ್ರಾಯವನ್ನು ತಾವೇ ವ್ಯಕ್ತಪಡಿಸಿದರು. ಹೆತ್ತವರು ತಮ್ಮ ಮಕ್ಕಳ ವಿಷಯದಲ್ಲಿ ಇಷ್ಟು ನಿರ್ಮಮವಾಗಿ ಮಾತನಾಡುವುದು ಲೋಕದಲ್ಲಿ ವಿರಳ. ಕೊಂಕಿಗೆ ಕಾರಣವನ್ನು ಬರೆದಿಟ್ಟವನು ಅದನ್ನು ತಿದ್ದದಿದ್ದರೂ, ಮುಂದಿನವರು ಅದನ್ನು ಶಾಸ್ತ್ರವೆಂದು ಪೂಜಿಸುವ ಅಪಾಯವನ್ನಾದರೂ ತಪ್ಪಿಸಿದನು.

ರಿಚಿಯವರು 2011ರ ಅಕ್ಟೋಬರಿನಲ್ಲಿ ತೀರಿಕೊಂಡರು. ಅವರ ಆ ಮೂರು ಯಂತ್ರಗಳು ಎಂದೋ ಕೆಲಸ ನಿಲ್ಲಿಸಿದುವು. ಅವುಗಳಲ್ಲಿದ್ದ ಬರಹವನ್ನು ಇಂದು ಚರಿತ್ರೆಯ ಆಸಕ್ತರಲ್ಲದೆ ಬೇರೆ ಯಾರೂ ಓದುವುದಿಲ್ಲ. ಆದರೆ ಈಗಲೂ ಕರ್ನಾಟಕದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಸಿ ಭಾಷೆಯ ಪಾಠವು ನಡೆಯುತ್ತಿರುವುದು. ‘&’ ಚಿಹ್ನೆಯು ಬಂದಲ್ಲಿ ಅದರ ಸುತ್ತ ತಪ್ಪದೆ ಆವರಣಗಳನ್ನು ಹಾಕಬೇಕೆಂಬುದನ್ನು ವಿದ್ಯಾರ್ಥಿಗಳು ಉಪಾಧ್ಯಾಯರಿಂದ ಕಲಿಯುವರು, ಇಲ್ಲವೇ ತಾವೇ ಒಮ್ಮೆ ಎಡವಿ ಕಲಿಯುವರು. ಏಕೆಂದು ಕೇಳುವವರು ಕಡಮೆ. ಅವರು ಹಾಕುವ ಆ ಎರಡು ಪುಟ್ಟ ಕಂಸಗಳು, ತಾವು ಎಂದೂ ಕಾಣದ ಮೂರು ಯಂತ್ರಗಳ ದಾಕ್ಷಿಣ್ಯಕ್ಕೆ ಅವರು ತೆರುತ್ತಿರುವ ಬಡ್ಡಿ.